ಹಳೆಯ ಡೀಸೆಲ್ ಪಿಕಪ್‌ಗೆ ಹೊಂದುವ ರೇಡಿಯೇಟರ್ ಆರಿಸಿಕೊಳ್ಳುವ ಬಗೆ

ಹಳೆಯ ಡೀಸೆಲ್ ಪಿಕಪ್ ಭಾರ ಹೊತ್ತು ಏರು ಹತ್ತುವಾಗ ತಾಪಮಾನದ ಮುಳ್ಳು ಮೇಲೇರತೊಡಗಿತೆಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ರೇಡಿಯೇಟರ್ ಕಡೆಗೆ. ಅದು ಎದುರಿಗೇ ಇರುವ, ಸುಲಭವಾಗಿ ಬಿಚ್ಚಿ ಬದಲಿಸಬಹುದಾದ ಭಾಗವಾದ್ದರಿಂದ ಈ ಅನುಮಾನ ಸಹಜವೇ. ಆದರೆ ಹೊಸ ರೇಡಿಯೇಟರ್ ಕೂರಿಸಿದ ಮೇಲೂ ಎಂಜಿನ್ ಬಿಸಿಯಾಗುವುದು ನಿಲ್ಲದಿದ್ದರೆ ಅದಕ್ಕೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣವಿರುತ್ತದೆ: ದೋಷ ಬೇರೆಡೆ ಇತ್ತು, ಇಲ್ಲವೇ ತಂದ ರೇಡಿಯೇಟರ್ ಆ ವಾಹನದ ಅಳತೆಗೂ ಅದು ಮಾಡುವ ಕೆಲಸಕ್ಕೂ ಹೊಂದುವಂಥದ್ದಾಗಿರಲಿಲ್ಲ. ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆ ಅಂಗಡಿಯಲ್ಲಿ ಅಲ್ಲ, ವಾಹನದ ಬಾನೆಟ್ ಕೆಳಗೆ ಆರಂಭವಾಗಬೇಕು.

ಮೊದಲು ದೋಷ ರೇಡಿಯೇಟರ್‌ನದ್ದೇ ಎಂದು ಖಚಿತಪಡಿಸಿಕೊಳ್ಳಿ

ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲನ್ನು ಮಾತ್ರ ಹಳೆಯ ಡೀಸೆಲ್ ಎಂಜಿನ್ ದುಡಿಮೆಗೆ ಬಳಸಿಕೊಳ್ಳುತ್ತದೆ. ಉಳಿದದ್ದು ಹೊಗೆಯ ಜೊತೆಗೂ ಕೂಲೆಂಟ್ (ಎಂಜಿನ್ನಿನ ಶಾಖವನ್ನು ರೇಡಿಯೇಟರ್‌ಗೆ ಹೊತ್ತೊಯ್ಯುವ ದ್ರವ) ಮೂಲಕವೂ ಶಾಖವಾಗಿ ಹೊರಹೋಗಬೇಕು. ನಿಂತಲ್ಲೇ ಓಡುತ್ತಿರುವಾಗ ಡೀಸೆಲ್ ಎಂಜಿನ್ ಬಹಳ ಕಡಿಮೆ ಇಂಧನ ಸುಡುವುದರಿಂದ ಅದು ಹೆಚ್ಚು ಬಿಸಿಯಾಗುವುದೇ ಇಲ್ಲ, ಹೀಗಾಗಿ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಕೂಡ ಗ್ಯಾರೇಜಿನ ಅಂಗಳದಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ಭಾರ ಹೇರಿ ಏರು ಹತ್ತಿಸಿದಾಗಲೇ ಅದರ ಬಂಡವಾಳ ಬಯಲಾಗುವುದು. ಹಾಗಾಗಿ ವಾಹನ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳುವುದು ಬಹಳ ಉಪಯುಕ್ತ. ನಿಧಾನ ಸಂಚಾರದಲ್ಲಿ ಬಿಸಿಯಾಗಿ, ವೇಗ ಹೆಚ್ಚಿದೊಡನೆ ತಣ್ಣಗಾದರೆ ಕೊರತೆ ಗಾಳಿಯದು, ಅಂದರೆ ಫ್ಯಾನ್, ಅದನ್ನು ಎಂಜಿನ್‌ಗೆ ಜೋಡಿಸುವ ಫ್ಯಾನ್ ಕ್ಲಚ್ ಅಥವಾ ಫ್ಯಾನಿನ ಸುತ್ತಲಿನ ಕವಚವಾದ ಶ್ರೌಡ್‌ನದ್ದು. ಹೆದ್ದಾರಿಯ ವೇಗದಲ್ಲಿ ಅಥವಾ ದೀರ್ಘ ಏರಿನಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್‌ನ ಸಾಮರ್ಥ್ಯ ಕುಗ್ಗಿದೆಯೆಂದೋ ಕೂಲೆಂಟ್ ಸರಿಯಾಗಿ ಹರಿಯುತ್ತಿಲ್ಲವೆಂದೋ ತಿಳಿಯಬೇಕು.

ಫ್ಯಾನ್ ಕ್ಲಚ್ ಪರೀಕ್ಷೆ ಸರಳವಾದದ್ದು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಫ್ಯಾನನ್ನು ಕೈಯಿಂದ ಒಮ್ಮೆ ತಿರುಗಿಸಿ ಬಿಡಿ. ಅದು ಸ್ವಲ್ಪ ಬಿಗಿಯಾಗಿ ತಿರುಗಿ ಬೇಗ ನಿಲ್ಲಬೇಕು. ಅಡ್ಡಿಯಿಲ್ಲದೆ ಸುತ್ತುಸುತ್ತು ತಿರುಗುತ್ತಲೇ ಇದ್ದರೆ, ಅಥವಾ ಕ್ಲಚ್ಚಿನ ಮಧ್ಯದಿಂದ ಹೊರಕ್ಕೆ ಎಣ್ಣೆಯ ಗೆರೆ ಹರಡಿದ್ದರೆ, ಅದರೊಳಗಿನ ದ್ರವ ಸೋರಿಹೋಗಿದೆ ಎಂದೇ ಅರ್ಥ. ಎಂಜಿನ್ ಬೆಚ್ಚಗಾದ ಮೇಲೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟವಾದ ಥರ್ಮೋಸ್ಟಾಟನ್ನು ಬಿಚ್ಚಿ, ನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್ ಜೊತೆಗಿಟ್ಟು ಕಾಯಿಸಿ, ಅದರ ಮೇಲೆ ಕೆತ್ತಿರುವ ತಾಪಮಾನದ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ನೋಡಬಹುದು.

ಬಿಸಿ ತಡೆಯಲೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ರೂಢಿಯನ್ನು ಇಲ್ಲಿ ವಿರೋಧಿಸಲೇಬೇಕು. ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡಾಗ ಅದರ ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಆ ದಾರಿ ಸದಾ ತೆರೆದಿದ್ದು, ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆಯೇ ಎಂಜಿನ್‌ಗೆ ಮರಳುತ್ತದೆ. ಆಗ ಹಗುರ ಓಟದಲ್ಲಿ ಎಂಜಿನ್ ಬೇಕಾದಷ್ಟು ಬೆಚ್ಚಗಾಗದೆ ಬೇಗ ಸವೆಯುತ್ತದೆ, ಭಾರದ ಓಟದಲ್ಲಿ ಮಿತಿಮೀರಿ ಬಿಸಿಯಾಗುತ್ತದೆ.

ಇನ್ನು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲೇ ರೇಡಿಯೇಟರ್‌ನ ಮೇಲಿನ ಹೋಸ್ (ರಬ್ಬರ್ ಕೊಳವೆ) ಕಲ್ಲಿನಂತೆ ಗಟ್ಟಿಯಾದರೆ, ಕೂಲೆಂಟಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ಸಿಲಿಂಡರಿನ ಅನಿಲ ಕೂಲೆಂಟಿಗೆ ನುಗ್ಗುತ್ತಿದೆಯೆಂದು ಅನುಮಾನಿಸಬೇಕು. ಇದನ್ನು ಪತ್ತೆಹಚ್ಚಲು ನೀಲಿ ದ್ರವವಿರುವ ಪರೀಕ್ಷಾ ಕಿಟ್ ಸಿಗುತ್ತದೆ; ಸುಟ್ಟ ಅನಿಲ ತಾಗಿದರೆ ಆ ದ್ರವ ಹಳದಿಯತ್ತ ತಿರುಗುತ್ತದೆ. ಈ ದೋಷವಿರುವ ಎಂಜಿನ್‌ಗೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಪ್ರಯೋಜನವಿಲ್ಲ.

ಇವೆಲ್ಲ ಸರಿಯಿದ್ದರೆ ರೇಡಿಯೇಟರನ್ನೇ ಹತ್ತಿರದಿಂದ ನೋಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕ್ಯಾಪ್ ತೆಗೆಯಬೇಕು. ಬಿಸಿಯಿರುವಾಗ ತೆಗೆದರೆ ಒತ್ತಡದಲ್ಲಿರುವ ಕೂಲೆಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೊಳವೆಗಳು ಮೇಲಿನಿಂದ ಕೆಳಕ್ಕೆ ನಿಂತಿರುವ ಹಳೆಯ ಮಾದರಿಯಾಗಿದ್ದರೆ, ಸ್ವಲ್ಪ ಕೂಲೆಂಟ್ ಇಳಿಸಿ, ಕ್ಯಾಪಿನ ಬಾಯಿಂದ ಟಾರ್ಚ್ ಬಿಟ್ಟಾಗ ಮೇಲಿನ ಟ್ಯಾಂಕಿನ ತಳದಲ್ಲಿ ಸಾಲಾಗಿ ಕೊಳವೆಗಳ ಬಾಯಿಗಳು ಕಾಣುತ್ತವೆ. ಅವು ಚಪ್ಪಟೆಯಾದ ಸೀಳುಗಳಂತೆ ತೆರೆದಿರಬೇಕು. ಬಾಯಂಚಿನಲ್ಲಿ ಬಿಳಿ ಅಥವಾ ಕಂದು ಬಣ್ಣದ ಗಟ್ಟಿ ಪದರ ಕಟ್ಟಿ ಸೀಳು ಕಿರಿದಾಗಿದ್ದರೆ ಒಳಗಿನ ಸ್ಥಿತಿ ಅದಕ್ಕಿಂತ ಕೆಟ್ಟದಾಗಿರುವ ಸಂಭವವೇ ಹೆಚ್ಚು. ಹೊರಗಿನಿಂದ, ಕೋರ್‌ನ (ಕೊಳವೆಗಳಿರುವ ನಡುಭಾಗದ) ಕೆಳ ಮೂಲೆಯ ಫಿನ್‌ಗಳನ್ನು, ಅಂದರೆ ಕೊಳವೆಗಳ ನಡುವಿನ ತೆಳು ಲೋಹದ ಪಟ್ಟಿಗಳನ್ನು, ಬೆರಳ ತುದಿಯಿಂದ ಮೆಲ್ಲಗೆ ತಡವಿ. ಒಳ್ಳೆಯ ಫಿನ್ ಬಾಗುತ್ತದೆ. ಕೊಳೆತ ಫಿನ್ ಪುಡಿಪುಡಿಯಾಗಿ ಉದುರುತ್ತದೆ. ಉದುರುವ ಫಿನ್ ಕೊಳವೆಯಿಂದ ಬೇರ್ಪಟ್ಟಿರುತ್ತದೆಯಾದ್ದರಿಂದ, ಕೊಳವೆಯಲ್ಲಿ ಒಂದು ಹನಿಯೂ ಸೋರದಿದ್ದರೂ, ಆ ಭಾಗ ಶಾಖವನ್ನು ಗಾಳಿಗೆ ಬಿಟ್ಟುಕೊಡುವ ಕೆಲಸವನ್ನು ನಿಲ್ಲಿಸಿದೆ ಎಂದೇ ತಿಳಿಯಬೇಕು. ಚೆನ್ನಾಗಿ ಓಡಿಸಿ ತಂದು ಎಂಜಿನ್ ನಿಲ್ಲಿಸಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಕೋರ್‌ನ ಉದ್ದಗಲಕ್ಕೆ ಆಡಿಸಿದರೆ, ಕಟ್ಟಿಕೊಂಡ ಕೊಳವೆಗಳಿರುವ ಜಾಗ ಸುತ್ತಲಿಗಿಂತ ಎದ್ದು ಕಾಣುವಷ್ಟು ತಣ್ಣಗಿರುತ್ತದೆ.

ಎಸಿ ಇರುವ ಪಿಕಪ್‌ಗಳಲ್ಲಿ ಇನ್ನೊಂದು ಜಾಗವನ್ನು ಮರೆಯಬಾರದು. ರೇಡಿಯೇಟರ್ ಮುಂದೆ ಕೂರುವ ಎಸಿಯ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಕಿರಿದಾದ ಸಂದಿಯಲ್ಲಿ ಮಣ್ಣು, ಹುಲ್ಲಿನ ಬೀಜ, ಸತ್ತ ಕೀಟಗಳು ಕಂಬಳಿಯಂತೆ ಕೂತಿರುತ್ತವೆ, ಮುಂದಿನಿಂದ ನೋಡಿದರೆ ಎಲ್ಲವೂ ಶುಭ್ರವಾಗಿಯೇ ಕಾಣುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರು ಹಾಯಿಸಿ ಅದನ್ನು ತೊಳೆದರೆ ಕೆಲವೊಮ್ಮೆ ಹೊಸ ರೇಡಿಯೇಟರ್‌ನ ಅಗತ್ಯವೇ ಇಲ್ಲವಾಗುತ್ತದೆ.

ತಾಮ್ರ-ಹಿತ್ತಾಳೆಯೋ, ಅಲ್ಯೂಮಿನಿಯಮ್ಮೋ

ಬದಲಿಸಲೇಬೇಕು ಎಂದಾದ ಮೇಲೆ ಎದುರಾಗುವ ಮೊದಲ ಪ್ರಶ್ನೆ ಲೋಹದ್ದು. ತಾಮ್ರದ ಶಾಖವಾಹಕತೆ ಮೀಟರಿಗೆ, ಕೆಲ್ವಿನ್‌ಗೆ ಸುಮಾರು 400 ವ್ಯಾಟ್; ಶುದ್ಧ ಅಲ್ಯೂಮಿನಿಯಮ್ಮಿನದು ಸುಮಾರು 235. ಈ ಎರಡು ಅಂಕಿಗಳನ್ನು ನೋಡಿದವರು ತಾಮ್ರವೇ ಮೇಲು ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಹಳೆಯ ರೇಡಿಯೇಟರ್‌ನಲ್ಲಿ ಫಿನ್ ಮಾತ್ರ ತಾಮ್ರದ್ದು, ಕೊಳವೆ ಹಿತ್ತಾಳೆಯದು, ಎರಡನ್ನೂ ಕೂಡಿಸುವುದು ಸೀಸ-ತವರದ ಬೆಸುಗೆ. ಹಿತ್ತಾಳೆಯ ಶಾಖವಾಹಕತೆ ತಾಮ್ರದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ, ಬೆಸುಗೆಯದು ಇನ್ನೂ ಕಡಿಮೆ. ಅಲ್ಯೂಮಿನಿಯಂ ಕೋರ್‌ನಲ್ಲಿ ಕೊಳವೆ ಮತ್ತು ಫಿನ್‌ಗಳನ್ನು ಕುಲುಮೆಯಲ್ಲಿ ಬ್ರೇಜ್ (ಹೆಚ್ಚು ಶಾಖದ ಬೆಸುಗೆ) ಮಾಡಿ ಒಂದೇ ಲೋಹದ ಮೈಯಾಗಿ ಕೂಡಿಸಿರುತ್ತಾರೆ. ಲೋಹ ಹಗುರವೂ ಗಟ್ಟಿಯೂ ಆಗಿರುವುದರಿಂದ ಕೊಳವೆಗಳನ್ನು ಹೆಚ್ಚು ಅಗಲವಾಗಿ ಮಾಡಲು ಬರುತ್ತದೆ, ಅಗಲ ಹೆಚ್ಚಿದಷ್ಟೂ ಫಿನ್ ಅಂಟಿಕೊಳ್ಳುವ ಜಾಗವೂ ಹೆಚ್ಚುತ್ತದೆ. ಹೀಗಾಗಿ ಒಂದೇ ಅಳತೆಯ ಎರಡು ಕೋರ್‌ಗಳಲ್ಲಿ ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ಕೋರ್ ತಾಮ್ರದ್ದಕ್ಕೆ ಸರಿಸಮವಾಗಿಯೋ ಅದಕ್ಕಿಂತ ಚೆನ್ನಾಗಿಯೋ ಕೆಲಸ ಮಾಡಬಲ್ಲದು.

ಹಾಗೆಂದು ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ತಳ್ಳಿಹಾಕುವಂತಿಲ್ಲ. ಅದರ ದೊಡ್ಡ ಗುಣ ದುರಸ್ತಿಗೆ ಒಗ್ಗುವುದು. ಟ್ಯಾಂಕ್ ಬಿಚ್ಚಿ ಕೊಳವೆಗಳೊಳಗೆ ಸರಳು ತೂರಿಸಿ ಕಟ್ಟಿದ್ದನ್ನು ಬಿಡಿಸಬಹುದು, ಸೋರುವ ಜಾಗವನ್ನು ಬೆಸುಗೆಯಿಂದ ಮುಚ್ಚಬಹುದು, ಕೋರ್ ಪೂರ್ತಿ ಹಾಳಾಗಿದ್ದರೆ ಹಳೆಯ ಟ್ಯಾಂಕು, ಬ್ರಾಕೆಟ್ಟುಗಳನ್ನು ಉಳಿಸಿಕೊಂಡು ಹೊಸ ಕೋರ್ ಮಾತ್ರ ಹಾಕಿಸಬಹುದು. ನಿಮ್ಮ ಪಿಕಪ್‌ಗೆ ಮೂಲದಲ್ಲಿ ಬಂದದ್ದು ಇಂಥ ರೇಡಿಯೇಟರೇ ಆಗಿದ್ದು, ಟ್ಯಾಂಕುಗಳು ಬಿರುಕಿಲ್ಲದೆ ಗಟ್ಟಿಯಾಗಿದ್ದು, ಕೈಗೆ ಎಟುಕುವ ದೂರದಲ್ಲಿ ನುರಿತ ರೇಡಿಯೇಟರ್ ಕೆಲಸಗಾರರಿದ್ದರೆ, ಕೋರ್ ಬದಲಿಸುವುದನ್ನೇ ನಾನು ಮೊದಲ ಆಯ್ಕೆಯಾಗಿ ಹೇಳುತ್ತೇನೆ. ಹೋಸ್, ಶ್ರೌಡ್, ಬೋಲ್ಟ್‌ಗಳೆಲ್ಲ ಮೂಲದ ಜಾಗಕ್ಕೇ ಕೂರುವುದರಿಂದ ಹೊಂದಾಣಿಕೆಯ ತಲೆನೋವೇ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಅದಕ್ಕೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದಿಲ್ಲವೆಂದು ನಿಮ್ಮೆದುರಿಗೇ ತೋರಿಸುವಂತೆ ಕೇಳಿ.

ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿದ ಮಾದರಿ ಇಂದು ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ. ಗಾಜಿನ ನಾರು ಬೆರೆಸಿದ ನೈಲಾನ್ ಟ್ಯಾಂಕನ್ನು ರಬ್ಬರ್ ಗ್ಯಾಸ್ಕೆಟ್ ಇಟ್ಟು, ಕೋರ್‌ನ ಅಂಚಿನ ಹಲ್ಲುಗಳನ್ನು ಮಡಚಿ ಹಿಡಿಸಿರುತ್ತಾರೆ. ಕೊಳ್ಳುವಾಗ ಈ ಮಡಿಕೆಯ ಸಾಲನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ: ಎಲ್ಲ ಹಲ್ಲುಗಳೂ ಒಂದೇ ಸಮನೆ ಮಡಚಿರಬೇಕು, ಗ್ಯಾಸ್ಕೆಟ್ ಎಲ್ಲಿಯೂ ಹೊರಗೆ ಇಣುಕಿರಬಾರದು. ಹೋಸ್ ಕೂರುವ ಕತ್ತಿನ ಬುಡದಲ್ಲಿ ಪ್ಲಾಸ್ಟಿಕ್ ದಪ್ಪವಾಗಿರಬೇಕು, ಏಕೆಂದರೆ ವರ್ಷಗಟ್ಟಲೆ ಕಾದು ತಣ್ಣಗಾಗುವ ಪ್ಲಾಸ್ಟಿಕ್ ಪೆಡಸಾಗಿ ಸೀಳುವ ಜಾಗಗಳಲ್ಲಿ ಆ ಬುಡ ಮುಖ್ಯವಾದದ್ದು. ಸಾಧಾರಣ ಭಾರಕ್ಕೆ, ಒಳ್ಳೆಯ ತಯಾರಿಕೆಯದಾದರೆ, ಈ ಮಾದರಿ ಸಾಕು.

ಟ್ಯಾಂಕುಗಳೂ ಅಲ್ಯೂಮಿನಿಯಮ್ಮಿನವೇ ಆಗಿರುವ, ಪೂರ್ತಿ ವೆಲ್ಡ್ ಮಾಡಿದ ರೇಡಿಯೇಟರ್ ನೋಡಲು ಭದ್ರವಾಗಿ ಕಾಣುತ್ತದೆ, ಪ್ಲಾಸ್ಟಿಕ್ ಸೀಳುವ ಭಯವೂ ಇಲ್ಲ. ಆದರೆ ಪಿಕಪ್‌ನ ಚಾಸಿ ಏರುತಗ್ಗಿನ ದಾರಿಯಲ್ಲಿ ತಿರುಚಿಕೊಳ್ಳುತ್ತದೆ. ರಬ್ಬರ್ ಬುಷ್ ಇಲ್ಲದೆ ಗಟ್ಟಿಯಾಗಿ ಬೋಲ್ಟ್ ಮಾಡಿದ ಅಲ್ಯೂಮಿನಿಯಂ ಟ್ಯಾಂಕಿನ ವೆಲ್ಡಿಂಗ್ ಆ ತಿರುಚುವಿಕೆಗೆ ಬಿರುಕು ಬಿಡುತ್ತದೆ. ಇಂಥದ್ದನ್ನು ಆರಿಸಿದರೆ ರಬ್ಬರ್ ಬುಷ್‌ಗಳ ಮೇಲೆ ಕೂರುವ ವ್ಯವಸ್ಥೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಸಾಲುಗಳ ಎಣಿಕೆಗೆ ಮರುಳಾಗಬೇಡಿ

ಮಾರುವವರು ಎತ್ತಿ ಹೇಳುವುದು ಸಾಲುಗಳ ಸಂಖ್ಯೆಯನ್ನು: ಎರಡು ಸಾಲು, ಮೂರು ಸಾಲು, ನಾಲ್ಕು ಸಾಲು. ಕೊಳವೆಯ ಅಗಲ ಹೇಳದೆ ಸಾಲಿನ ಸಂಖ್ಯೆ ಮಾತ್ರ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. 25 ಮಿಲಿಮೀಟರ್ ಅಗಲದ ಕೊಳವೆಗಳ ಎರಡು ಸಾಲಿರುವ ಅಲ್ಯೂಮಿನಿಯಂ ಕೋರ್, 12 ಮಿಲಿಮೀಟರ್ ಅಗಲದ ಕೊಳವೆಗಳ ನಾಲ್ಕು ಸಾಲಿರುವ ತಾಮ್ರದ ಕೋರ್‌ಗೆ ಹೆಚ್ಚುಕಡಿಮೆ ಸಮನಾದ ಕೊಳವೆಯ ಅಗಲವನ್ನೇ ಕೊಡುತ್ತದೆ. ಅದಲ್ಲದೆ ಕೋರ್ ದಪ್ಪವಾದಂತೆ ಲಾಭ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಮುಂದಿನ ಸಾಲನ್ನು ದಾಟಿ ಬಂದ ಗಾಳಿ ಆಗಲೇ ಬೆಚ್ಚಗಾಗಿರುವುದರಿಂದ ಹಿಂದಿನ ಸಾಲು ಅದಕ್ಕೆ ಬಿಟ್ಟುಕೊಡಬಲ್ಲ ಶಾಖ ಕಡಿಮೆ. ದಪ್ಪ ಕೋರ್ ಮೂಲಕ ಗಾಳಿ ಎಳೆಯಲು ಫ್ಯಾನ್ ಹೆಚ್ಚು ಶ್ರಮಪಡಬೇಕು. ನಿಜವಾಗಿ ಎಣಿಕೆಗೆ ಬರುವುದು ಗಾಳಿಗೆ ಮುಖಕೊಟ್ಟ ಕೋರ್‌ನ ಉದ್ದ ಮತ್ತು ಅಗಲ. ಗ್ರಿಲ್ಲಿನ ಹಿಂದೆ ಜಾಗವಿದ್ದು, ಅದೇ ಮಾದರಿಯ ವಾಹನಕ್ಕೆ ತಯಾರಕರೇ ಭಾರದ ಬಳಕೆಗೆಂದು ಅಥವಾ ಎಸಿ ಇರುವ ಆವೃತ್ತಿಗೆಂದು ಕೊಡುತ್ತಿದ್ದ ದೊಡ್ಡ ರೇಡಿಯೇಟರ್ ಸಿಗುವುದಾದರೆ, ಅದು ಯಾವ ದಪ್ಪ ಕೋರ್‌ಗಿಂತಲೂ ಒಳ್ಳೆಯ ಆಯ್ಕೆ.

ಫಿನ್‌ಗಳ ದಟ್ಟಣೆಯನ್ನೂ ನಿಮ್ಮ ಓಡಾಟಕ್ಕೆ ತಕ್ಕಂತೆ ನೋಡಬೇಕು. ಇಂಚಿಗೆ 16ರಷ್ಟು ಫಿನ್ ಇರುವ ಕೋರ್ ಶುಭ್ರವಾದ ರಸ್ತೆಯಲ್ಲಿ ಹೆಚ್ಚು ಶಾಖ ಬಿಡುತ್ತದೆ ನಿಜ, ಆದರೆ ಹೊಲ, ಕಲ್ಲುಗಣಿ, ಮಣ್ಣಿನ ದಾರಿಗಳಲ್ಲಿ ದುಡಿಯುವ ಪಿಕಪ್‌ನಲ್ಲಿ ಅದೇ ಕೋರ್ ಬೇಗ ಕಟ್ಟಿಕೊಂಡು, ತೊಳೆಯಲೂ ಕಷ್ಟ ಕೊಡುತ್ತದೆ. ಅಂಥ ಕಡೆ ಇಂಚಿಗೆ 10ರಿಂದ 12 ಫಿನ್ ಇರುವುದೇ ಹೆಚ್ಚು ಕಾಲ ನಂಬಿಕೆಗೆ ಯೋಗ್ಯ.

ಅಳೆದು ನೋಡಬೇಕಾದವು

ಹಳೆಯ ವಾಹನದ ವಿಷಯದಲ್ಲಿ ಮಾದರಿಯ ಹೆಸರು ಮತ್ತು ವರ್ಷ ಹೇಳಿ ಭಾಗ ತರಿಸುವುದು ಅಪಾಯದ ಕೆಲಸ. ತಯಾರಕರು ವರ್ಷದ ನಡುವೆಯೇ ರೇಡಿಯೇಟರ್ ಬದಲಿಸಿರಬಹುದು. ಹಿಂದಿನ ಮಾಲೀಕರು ಎಂಜಿನನ್ನೇ ಬದಲಿಸಿರಬಹುದು. ಈಗಿರುವ ರೇಡಿಯೇಟರ್ ಕೂಡ ಮೂಲದ್ದಾಗಿರಲಿಕ್ಕಿಲ್ಲ. ಚಾಸಿ ಸಂಖ್ಯೆ, ಎಂಜಿನ್ ಮೇಲೆ ಕೆತ್ತಿರುವ ಎಂಜಿನ್ ಸಂಖ್ಯೆ, ತಯಾರಾದ ತಿಂಗಳು, ಗೇರ್ ಮ್ಯಾನ್ಯುಯಲೋ ಆಟೋಮ್ಯಾಟಿಕ್ಕೋ, ಎಸಿ ಮತ್ತು ಟರ್ಬೊ ಇವೆಯೋ ಇಲ್ಲವೋ ಎಂಬುದನ್ನೆಲ್ಲ ಕೊಟ್ಟು ಭಾಗದ ಸಂಖ್ಯೆ ಕಂಡುಕೊಳ್ಳಿ. ಆಮೇಲೂ ಟೇಪ್ ಹಿಡಿದು ಅಳೆಯಿರಿ. ಕೋರ್‌ನ ಎತ್ತರ, ಅಗಲ, ದಪ್ಪಗಳನ್ನು ಟ್ಯಾಂಕ್ ಬಿಟ್ಟು ಅಳೆಯಬೇಕು, ಆಮೇಲೆ ಟ್ಯಾಂಕ್ ಸೇರಿಸಿ ಒಟ್ಟು ಅಳತೆ ಬೇರೆ. ಒಳಬರುವ, ಹೊರಹೋಗುವ ಕತ್ತುಗಳ ಹೊರವ್ಯಾಸ, ಅವು ಯಾವ ಬದಿಯಲ್ಲಿವೆ, ಯಾವ ಕೋನದಲ್ಲಿ ಬಾಗಿವೆ. ಕೆಳಗಿನ ಗೂಟಗಳ ಮತ್ತು ಮೇಲಿನ ಬ್ರಾಕೆಟ್ಟುಗಳ ನಡುವಿನ ದೂರ. ಶ್ರೌಡ್ ಹಿಡಿಯುವ ತೂತುಗಳ ಜಾಗ. ನೀರಿಳಿಸುವ ಪ್ಲಗ್ ಬಿಚ್ಚಲು ಕೈ ಹೋಗುವಂತಿದೆಯೇ. ತಾಪಮಾನದ ಸ್ವಿಚ್ ಅಥವಾ ಮಟ್ಟ ತೋರುವ ಸೆನ್ಸರ್ ಕೂರುವ ತೂತು ಇದೆಯೇ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರ ಬರೆದು ಗುರುತಿಸಿಕೊಂಡರೆ ಅಂಗಡಿಯಲ್ಲಿ ಗೊಂದಲವಾಗುವುದಿಲ್ಲ.

ದಪ್ಪ ಕೋರ್ ಆರಿಸುವವರು ಫ್ಯಾನಿನ ಅಂತರವನ್ನು ತಪ್ಪದೆ ಅಳೆಯಬೇಕು. ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಅಲುಗಾಡುತ್ತದೆ, ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತದೆ. ಫ್ಯಾನ್ ರೆಕ್ಕೆಗೂ ಕೋರ್‌ಗೂ ನಡುವೆ 25 ಮಿಲಿಮೀಟರ್ ಆದರೂ ಇರಲಿ. ಫ್ಯಾನ್ ರೆಕ್ಕೆಯ ಅಗಲದಲ್ಲಿ ಹೆಚ್ಚುಕಡಿಮೆ ಅರ್ಧ ಶ್ರೌಡಿನ ಒಳಗೂ ಅರ್ಧ ಹೊರಗೂ ಇದ್ದರೆ ಗಾಳಿಯ ಎಳೆತ ಚೆನ್ನಾಗಿರುತ್ತದೆ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳ ಕೋರ್ ನಿಧಾನ ಓಟದಲ್ಲಿ ಕೆಲಸಕ್ಕೇ ಬಾರದು. ರೇಡಿಯೇಟರ್ ಸುತ್ತಲಿನ ಫೋಮ್ ಪಟ್ಟಿ ಹರಿದಿದ್ದರೆ ಹೊಸದು ಹಾಕಿ, ಇಲ್ಲವಾದರೆ ಗಾಳಿ ಕೋರ್ ಬಿಟ್ಟು ಸಂದಿಯಿಂದ ನುಸುಳಿಹೋಗುತ್ತದೆ.

ಆಟೋಮ್ಯಾಟಿಕ್ ಗೇರ್ ಇರುವ ಪಿಕಪ್ ಆದರೆ ಗೇರ್ ಎಣ್ಣೆ ತಣಿಸುವ ಕೂಲರ್ ಸಾಮಾನ್ಯವಾಗಿ ರೇಡಿಯೇಟರ್‌ನ ಒಂದು ಟ್ಯಾಂಕಿನ ಒಳಗೇ ಇರುತ್ತದೆ. ಮ್ಯಾನ್ಯುಯಲ್ ವಾಹನದ ರೇಡಿಯೇಟರ್ ಹೊರನೋಟಕ್ಕೆ ಹಾಗೆಯೇ ಇದ್ದರೂ ಅದರಲ್ಲಿ ಈ ಕೂಲರ್ ಇರುವುದಿಲ್ಲ. ಎಣ್ಣೆ ಪೈಪು ಕೂರುವ ಫಿಟ್ಟಿಂಗಿನ ಥ್ರೆಡ್ ಹಳೆಯದಕ್ಕೆ ಹೊಂದುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡಿ. ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಹಳೆಯ ಕೂಲರ್ ಒಳಗೇ ಒಡೆದು ಕೂಲೆಂಟ್ ಮತ್ತು ಎಣ್ಣೆ ಬೆರೆತು ಗುಲಾಬಿ ಬಣ್ಣದ ನೊರೆಯಾಗಿದ್ದರೆ ರೇಡಿಯೇಟರ್ ಬದಲಿಸಿದರಷ್ಟೇ ಸಾಲದು, ಗೇರ್ ಬಾಕ್ಸನ್ನೂ ತಜ್ಞರಿಗೆ ತೋರಿಸಬೇಕು. ಭಾರ ಎಳೆಯುವ ವಾಹನಕ್ಕೆ ಎಣ್ಣೆಗೆಂದೇ ಪ್ರತ್ಯೇಕ ಕೂಲರ್ ಕೂರಿಸುವುದು ಖರ್ಚಿಗೆ ತಕ್ಕ ಕೆಲಸ.

ಕ್ಯಾಪ್, ಕೂಲೆಂಟ್, ವಿದ್ಯುತ್ತು

ಕ್ಯಾಪ್ ಒಂದು ಮುಚ್ಚಳ ಮಾತ್ರವಲ್ಲ, ಒತ್ತಡದ ಕವಾಟವೂ ಹೌದು. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, 0.9 ಅಥವಾ 1.1 ಬಾರ್ ಒತ್ತಡದ ಕ್ಯಾಪ್ ಆ ಮಿತಿಯನ್ನು ಇಪ್ಪತ್ತು ಡಿಗ್ರಿಯ ಆಸುಪಾಸು ಮೇಲಕ್ಕೆ ಒಯ್ಯುತ್ತದೆ. ಹೊಸ ರೇಡಿಯೇಟರ್‌ಗೆ ಹೊಸ ಕ್ಯಾಪ್ ಹಾಕಿ, ಆದರೆ ವಾಹನದ ಕೈಪಿಡಿ ಹೇಳಿದ ಒತ್ತಡದ್ದನ್ನೇ ಹಾಕಿ. ಹೆಚ್ಚಿನ ಒತ್ತಡದ ಕ್ಯಾಪ್ ಹಾಕಿದರೆ ಕ್ಯಾಬಿನ್ ಬೆಚ್ಚಗಾಗಿಸುವ ಹಳೆಯ ಹೀಟರ್ ಕೋರ್, ಹಳೆಯ ಹೋಸ್‌ಗಳು ಮೊದಲು ಸೋಲುತ್ತವೆ.

ಕೂಲೆಂಟ್ ಆಯ್ಕೆಯಲ್ಲಿ ಬಣ್ಣವನ್ನು ನಂಬಬಾರದು. ಒಂದೇ ಬಣ್ಣದಲ್ಲಿ ಬೇರೆಬೇರೆ ರಸಾಯನಗಳ ಕೂಲೆಂಟ್ ಮಾರಾಟವಾಗುತ್ತದೆ. ಕೆಲವು ಭಾರಿ ಡೀಸೆಲ್ ಎಂಜಿನ್‌ಗಳಲ್ಲಿ ಸಿಲಿಂಡರಿನ ಒಳಗೋಡೆಯಾದ ಲೈನರಿನ ಹೊರಮೈ ನೇರವಾಗಿ ಕೂಲೆಂಟಿಗೆ ತಾಗುತ್ತದೆ, ಲೈನರ್ ಕಂಪಿಸಿದಾಗ ಅದರ ಮೈಮೇಲೆ ಹುಟ್ಟಿ ಒಡೆಯುವ ಗುಳ್ಳೆಗಳು ಲೋಹವನ್ನು ಕೊರೆದು ತೂತು ಮಾಡಬಲ್ಲವು. ಅದನ್ನು ತಡೆಯುವ ನೈಟ್ರೈಟ್‌ನಂಥ ಅಂಶಗಳಿರುವ ಡೀಸೆಲ್ ಕೂಲೆಂಟ್ ಅಂಥ ಎಂಜಿನ್‌ಗೆ ಬೇಕು. ಜೊತೆಗೆ, ಸೀಸದ ಬೆಸುಗೆ ಇರುವ ರೇಡಿಯೇಟರ್‌ಗೆ ಎಲ್ಲ ಹೊಸ ಬಗೆಯ ಕೂಲೆಂಟ್‌ಗಳೂ ಒಗ್ಗುವುದಿಲ್ಲ. ಎಂಜಿನ್ ಕೈಪಿಡಿಯ ಸೂಚನೆಯನ್ನೂ ಡಬ್ಬಿಯ ಮೇಲಿನ ಬರಹವನ್ನೂ ಓದಿ ಹೊಂದಿಸಿಕೊಳ್ಳಿ. ಎರಡು ಬಗೆಯನ್ನು ಬೆರೆಸಬೇಡಿ. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಕೊಳವೆಯ ಬಾಯಲ್ಲಿ ಕಂಡ ಆ ಬಿಳಿ ಪದರ ಬಹುಪಾಲು ಗಡಸು ನೀರಿನದೇ.

ಅಲ್ಯೂಮಿನಿಯಂ ಹಾಕುವವರು ಇನ್ನೊಂದು ಪರೀಕ್ಷೆ ಮಾಡಬೇಕು. ಮಲ್ಟಿಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದು, ಕೆಂಪು ತಂತಿಯ ತುದಿಯನ್ನು ಲೋಹಕ್ಕೆ ತಾಗದಂತೆ ಕೂಲೆಂಟಿನಲ್ಲಿ ಅದ್ದಿ, ಹೆಡ್‌ಲೈಟ್, ಹೀಟರ್ ಬ್ಲೋವರ್‌ಗಳನ್ನು ಒಂದೊಂದಾಗಿ ಹಾಕುತ್ತಾ ಓದಿ. 0.1 ವೋಲ್ಟ್‌ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಯಾವುದೋ ಒಂದನ್ನು ಹಾಕಿದೊಡನೆ ಅಂಕಿ ಜಿಗಿದರೆ ಅದರ ಅರ್ತಿಂಗ್ ವೈರ್ ಕೆಟ್ಟಿದ್ದು, ವಿದ್ಯುತ್ತು ಕೂಲೆಂಟ್ ಮೂಲಕ ದಾರಿ ಹುಡುಕುತ್ತಿದೆ. ಅದನ್ನು ಸರಿಪಡಿಸದೆ ಹಾಕಿದ ಹೊಸ ಅಲ್ಯೂಮಿನಿಯಂ ಕೋರ್ ಬಹುಬೇಗ ಸೂಜಿಮೊನೆಯಷ್ಟು ತೂತುಗಳಿಂದ ಸೋರತೊಡಗುತ್ತದೆ. ಅಂಕಿ ಯಾವಾಗಲೂ ಹೆಚ್ಚೇ ಇದ್ದರೆ ಕೂಲೆಂಟ್ ತನ್ನ ಗುಣ ಕಳೆದುಕೊಂಡಿರಬಹುದು. ಬದಲಿಸಿ ಮತ್ತೆ ಅಳೆಯಿರಿ.

ಕೂರಿಸುವ ಮುನ್ನ, ಕೂರಿಸಿದ ಮೇಲೆ

ಹೊಸ ರೇಡಿಯೇಟರ್ ಬಂದೊಡನೆ ಹಳೆಯದನ್ನು ಬಿಚ್ಚಿ, ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ, ಒಂದೊಂದೇ ಕತ್ತು, ತೂತು, ಗೂಟವನ್ನು ಹೋಲಿಸಿ ನೋಡಿ. ಹಿಂದಿರುಗಿಸಲು ಸಾಧ್ಯವಿರುವುದು ಕೂಲೆಂಟ್ ತುಂಬುವ ಮುನ್ನ ಮಾತ್ರ. ಬಳಸಿದ ರೇಡಿಯೇಟರ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಳಗಿನ ಪದರ ಹೊರಗಿನಿಂದ ಕಾಣುವುದಿಲ್ಲ, ಬಿಚ್ಚಿಟ್ಟು ಒಣಗಿದ ಕೋರ್‌ನಲ್ಲಿ ತುಕ್ಕು ಇನ್ನಷ್ಟು ಗಟ್ಟಿಯಾಗಿರುತ್ತದೆ.

ಎಂಜಿನ್ ಬ್ಲಾಕ್ ಮತ್ತು ಹೀಟರನ್ನು ನೀರು ತಿಳಿಯಾಗಿ ಬರುವವರೆಗೆ ತೊಳೆದ ನಂತರವೇ ಹೊಸದನ್ನು ಜೋಡಿಸಬೇಕು, ಇಲ್ಲದಿದ್ದರೆ ಬ್ಲಾಕಿನಲ್ಲಿ ಕೂತ ತುಕ್ಕಿನ ಹುಡಿ ನೇರವಾಗಿ ಹೊಸ ಕೊಳವೆಗಳಿಗೆ ಸೇರುತ್ತದೆ. ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ. ಅದರ ಸಿಹಿ ರುಚಿಗೆ ನಾಯಿ, ಬೆಕ್ಕು, ದನಗಳು ನೆಕ್ಕಿ ಸಾಯುತ್ತವೆ. ಹೋಸ್, ಕ್ಲಾಂಪ್, ಥರ್ಮೋಸ್ಟಾಟ್‌ಗಳು ಹಳೆಯವಾಗಿದ್ದರೆ ಈಗಲೇ ಬದಲಿಸಿ, ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುವಷ್ಟು ಮೆತ್ತಗಾಗಿದ್ದರಂತೂ ತಡಮಾಡಬೇಡಿ.

ತುಂಬುವಾಗ ಹೀಟರನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ವಾಹನದ ಮೂತಿ ತುಸು ಮೇಲಿರುವಂತೆ ನಿಲ್ಲಿಸಿ, ನಿಧಾನವಾಗಿ ಸುರಿಯಿರಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅಲ್ಲಿಂದ ಗುಳ್ಳೆಯಿಲ್ಲದೆ ಕೂಲೆಂಟ್ ಬರುವವರೆಗೆ ತೆರೆದಿಡಿ. ಕ್ಯಾಪ್ ತೆರೆದೇ ಎಂಜಿನ್ ಚಾಲೂ ಮಾಡಿ, ಮೇಲಿನ ಹೋಸ್ ಬೆಚ್ಚಗಾಗಿ ಥರ್ಮೋಸ್ಟಾಟ್ ತೆರೆದುಕೊಂಡಾಗ ಇಳಿಯುವ ಮಟ್ಟವನ್ನು ತುಂಬಿ, ಕುದಿಯುವ ಮುನ್ನವೇ ಕ್ಯಾಪ್ ಹಾಕಿ. ಮೊದಲ ಕೆಲವು ಓಟಗಳ ನಂತರ, ಪ್ರತಿ ಸಲ ಪೂರ್ತಿ ತಣ್ಣಗಾದ ಮೇಲೆ, ಮಟ್ಟವನ್ನು ಮತ್ತೆ ನೋಡಿ, ಕ್ಲಾಂಪುಗಳನ್ನು ಬಿಗಿಮಾಡಿ, ಟ್ಯಾಂಕಿನ ಮಡಿಕೆಯ ಕೆಳಗೆ ಒಣ ಬಟ್ಟೆ ಆಡಿಸಿ ತೇವವಿದೆಯೇ ಎಂದು ಪರೀಕ್ಷಿಸಿ. ಆಮೇಲೆ ಮೊದಲು ಬಿಸಿಯಾಗುತ್ತಿದ್ದ ಅದೇ ಏರಿಗೆ, ಅದೇ ಭಾರ ಹೇರಿಕೊಂಡು, ಮುಳ್ಳಿನ ಮೇಲೆ ಕಣ್ಣಿಟ್ಟು ಒಮ್ಮೆ ಓಡಿಸಿ ನೋಡಿ.